ಬಿಲ್ಡ್ ಕಮಾಂಡ್‌ಗಳನ್ನು ಮೇಕ್‌ಫೈಲಿಗೆ ವಹಿಸುವುದು, ಅದಕ್ಕೊಂದು ಸ್ಪಷ್ಟವಾದ ರೀಡ್‌ಮಿ ಬರೆಯುವುದು

ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟ್‌ಗಳ ಮೀನುಗಾರಿಕೆಗೆ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಮಲ್ಪೆ ಬಂದರಿನ ಬೋಟ್ ಮಾಲಕರೊಬ್ಬರಿಗಾಗಿ ಉಡುಪಿಯ ಮೂವರು ಗೆಳೆಯರು ಏಲಂ ಲೆಕ್ಕದ ಸಣ್ಣ ತಂತ್ರಾಂಶವೊಂದನ್ನು ಬರೆದುಕೊಟ್ಟಿದ್ದಾರೆ ಎಂದು ಇಟ್ಟುಕೊಳ್ಳೋಣ. ಆ ಎರಡು ತಿಂಗಳು ಅದನ್ನು ಯಾರೂ ಮುಟ್ಟುವುದಿಲ್ಲ. ಜುಲೈ ಕೊನೆಯ ವಾರದಲ್ಲಿ ಮಾಲಕರು ಫೋನ್ ಮಾಡಿ, ಈ ಸಲ ಬಿಲ್ಲಿನಲ್ಲಿ ಐಸಿನ ಖರ್ಚನ್ನು ಬೇರೆ ಸಾಲಿನಲ್ಲಿ ತೋರಿಸಬೇಕು ಎನ್ನುತ್ತಾರೆ. ಕೋಡಿನಲ್ಲಿ ಅದು ನಾಲ್ಕು ಸಾಲುಗಳ ಬದಲಾವಣೆ. ಆದರೆ ಬದಲಾಯಿಸಿದ ಕೋಡನ್ನು ಯಾವ ಫೋಲ್ಡರ್‌ನಲ್ಲಿ ನಿಂತು, ಯಾವ ಕ್ರಮದಲ್ಲಿ, ಯಾವ ಕಮಾಂಡ್‌ಗಳಿಂದ ಬಿಲ್ಡ್ ಮಾಡಬೇಕು (ಓಡುವ ಪ್ರೋಗ್ರಾಂ ಆಗಿ ತಯಾರಿಸಬೇಕು) ಎಂಬುದು ಬಲ್ಲವರು ಅಷ್ಟರಲ್ಲಿ ಬೆಂಗಳೂರಿನ ಕೆಲಸಕ್ಕೆ ಸೇರಿಯಾಗಿದೆ. ಉಳಿದ ಇಬ್ಬರ ಬಳಿ ಇರುವುದು ವಾಟ್ಸ್‌ಆ್ಯಪ್‌ನಲ್ಲಿ ಎಂದೋ ಬಂದ ಅರ್ಧಂಬರ್ಧ ಸಾಲುಗಳು ಮಾತ್ರ.

ಮಂಗಳೂರು ಮತ್ತು ಉಡುಪಿಯ ಸಣ್ಣ ತಂಡಗಳಲ್ಲಿ, ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ಸ್ಥಿತಿ. ಇದಕ್ಕೆ ಪರಿಹಾರ ಎರಡು ಭಾಗಗಳಲ್ಲಿದೆ. ದಿನವೂ ಟೈಪ್ ಮಾಡುವ ಕಮಾಂಡ್‌ಗಳನ್ನು ಮೇಕ್ ಎಂಬ ಟೂಲಿಗೆ ವಹಿಸುವುದು ಮೊದಲನೆಯದು; ಆ ಟೂಲ್ ಓದುವ ಸೂಚನೆಗಳ ಫೈಲೇ ಮೇಕ್‌ಫೈಲ್. ಅದನ್ನು ಬಳಸುವವರಿಗೆ ಸಂದೇಹ ಉಳಿಯದಂತೆ ಡಾಕ್ಯುಮೆಂಟೇಶನ್ ಬರೆಯುವುದು ಎರಡನೆಯದು; ಪ್ರಾಜೆಕ್ಟಿನ ಜೊತೆಗಿಡುವ ಆ ವಿವರಣೆಯ ಫೈಲನ್ನು ರೀಡ್‌ಮಿ ಎನ್ನುತ್ತಾರೆ. ಹೆಚ್ಚಿನವರು ಮೊದಲನೆಯದನ್ನು ಮಾಡಿ ನಿಲ್ಲಿಸುತ್ತಾರೆ, ಅಥವಾ ಮೇಕ್‌ಫೈಲಿನಲ್ಲಿರುವ ಕಮಾಂಡ್‌ಗಳನ್ನೇ ರೀಡ್‌ಮಿಯಲ್ಲಿ ಪುನಃ ಬರೆಯುತ್ತಾರೆ. ಒಂದು ಕಮಾಂಡ್ ಒಂದೇ ಕಡೆ ಇರಬೇಕು, ಆ ಜಾಗ ಮೇಕ್‌ಫೈಲ್ ಆಗಿರಬೇಕು, ಮೇಕ್‌ಫೈಲ್ ಹೇಳಲಾರದ ಸಂಗತಿಗಳನ್ನು ಮಾತ್ರ ರೀಡ್‌ಮಿ ಹೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಲೇಖನದ ಎಲ್ಲ ಹಂತಗಳೂ ಅದನ್ನೇ ಅನುಸರಿಸುತ್ತವೆ.

ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಕಮಾಂಡ್‌ಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು. ಫೈಲಿನ ಹೆಸರುಗಳಿಗೂ ಅದೇ ಕ್ಷೇಮ.

ಮೊದಲ ಹಂತ: ಕೈ ಟೈಪ್ ಮಾಡುತ್ತಿರುವುದನ್ನು ಪಟ್ಟಿ ಮಾಡಿ

ಮೇಕ್‌ಫೈಲ್ ಬರೆಯಲು ಕೂಡಲೇ ಕೂರಬೇಡಿ. ಬಿಲ್ಡ್ ಮಾಡುವುದು ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಒಮ್ಮೆ ಎಲ್ಲವನ್ನೂ ಮಾಡುವಾಗ ಗಮನಿಸಿ, ಬಳಿಕ ಟರ್ಮಿನಲ್‌ನಲ್ಲಿ ಹಿಸ್ಟರಿ ಎಂಬ ಕಮಾಂಡ್ ಕೊಟ್ಟು ಅವರು ನಿಜವಾಗಿ ಏನೇನು ಟೈಪ್ ಮಾಡಿದರು ಎಂಬುದನ್ನು ತೆಗೆದುಕೊಳ್ಳಿ. ಬಾಯಲ್ಲಿ ಹೇಳುವಾಗ ಬಿಟ್ಟುಹೋಗುವ ಸಣ್ಣ ಕೆಲಸಗಳು, ಉದಾಹರಣೆಗೆ ಒಂದು ಫೈಲನ್ನು ಮೊದಲೇ ಬೇರೆ ಫೋಲ್ಡರ್‌ಗೆ ಕಾಪಿ ಮಾಡಿಡುವುದು, ಹಿಸ್ಟರಿಯಲ್ಲಿ ಸಿಕ್ಕಿಬೀಳುತ್ತವೆ.

ಆ ಪಟ್ಟಿಯ ಪ್ರತಿ ಕಮಾಂಡಿನ ಎದುರು ಅದು ಯಾವ ಫೋಲ್ಡರ್‌ನಿಂದ ಓಡುತ್ತದೆ, ಯಾವ ಫೈಲ್‌ಗಳನ್ನು ಓದುತ್ತದೆ, ಯಾವ ಫೈಲನ್ನು ತಯಾರಿಸುತ್ತದೆ ಎಂದು ಬರೆದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಮುಖ್ಯ.ಸಿ ಮತ್ತು ಲೆಕ್ಕ.ಸಿ ಎಂಬ, ಸಿ ಭಾಷೆಯ ಎರಡು ಸೋರ್ಸ್ ಫೈಲ್‌ಗಳಿವೆ, ಎರಡೂ ಲೆಕ್ಕ.ಎಚ್ ಎಂಬ ಹೆಡರನ್ನು (ಸೋರ್ಸ್ ಫೈಲ್‌ಗಳು ಹಂಚಿಕೊಳ್ಳುವ ಘೋಷಣೆಗಳ ಫೈಲನ್ನು) ಬಳಸುತ್ತವೆ. ಐಸು, ಇಳಿಸುವ ಕೂಲಿ ಮುಂತಾದ ಖರ್ಚಿನ ದರಗಳು ದರ.ಸಿಎಸ್‌ವಿ ಎಂಬ ಪಟ್ಟಿಯಲ್ಲಿವೆ. ಆ ಪಟ್ಟಿಯನ್ನು ಒಂದು ಪೈಥಾನ್ ಸ್ಕ್ರಿಪ್ಟ್ ದರ.ಎಚ್ ಎಂಬ ಹೆಡರ್ ಆಗಿ ಮಾರ್ಪಡಿಸುತ್ತದೆ, ಲೆಕ್ಕ.ಸಿ ಅದನ್ನು ಓದುತ್ತದೆ. ಎಲ್ಲ ಸೇರಿ ಕೊನೆಗೆ ಮೀನುಲೆಕ್ಕ ಎಂಬ ಒಂದು ಪ್ರೋಗ್ರಾಂ ಆಗುತ್ತದೆ. ‘ಓದುತ್ತದೆ’ ಮತ್ತು ‘ತಯಾರಿಸುತ್ತದೆ’ ಎಂಬ ಈ ಎರಡು ಅಂಕಣಗಳು ಸರಿಯಾಗಿದ್ದರೆ ಮೇಕ್‌ಫೈಲಿನ ಮುಕ್ಕಾಲು ಕೆಲಸ ಕಾಗದದ ಮೇಲೆಯೇ ಮುಗಿದಂತೆ.

ಎರಡನೆಯ ಹಂತ: ಮೇಕ್‌ಫೈಲನ್ನು ಬರೆಯಿರಿ

ಮೇಕ್ ಹುಟ್ಟಿದ ಕಾರಣ ತಿಳಿದರೆ ಅದು ಮಾಡುವ ಕೆಲಸ ಬೇಗ ಅರ್ಥವಾಗುತ್ತದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅದನ್ನು 1976ರಲ್ಲಿ ಬರೆದರು. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ದೋಷವನ್ನು ಕೋಡಿನಲ್ಲಿ ಸರಿಪಡಿಸಿದ್ದರೂ ಆ ಫೈಲನ್ನು ಪುನಃ ಕಂಪೈಲ್ ಮಾಡಿರಲಿಲ್ಲ, ಅಂದರೆ ಯಂತ್ರಭಾಷೆಗೆ ಬದಲಾಯಿಸಿರಲಿಲ್ಲ. ಸರಿಯಾಗಿದ್ದ ಕೋಡಿನಲ್ಲಿ ತಪ್ಪು ಹುಡುಕುತ್ತಾ ಒಂದು ಬೆಳಗು ಕಳೆದುಹೋಗಿತ್ತು. ಯಾವುದು ಬದಲಾಗಿದೆ, ಅದರಿಂದಾಗಿ ಯಾವುದನ್ನು ಪುನಃ ತಯಾರಿಸಬೇಕು ಎಂಬ ಲೆಕ್ಕವನ್ನು ಮನುಷ್ಯರ ನೆನಪಿಗೆ ಬಿಡಬಾರದು ಎಂಬುದೇ ಮೇಕ್‌ನ ಮೂಲ ಉದ್ದೇಶ. ಈ ಕೆಲಸಕ್ಕಾಗಿ ಫೆಲ್ಡ್‌ಮನ್ ಅವರಿಗೆ ಕಂಪ್ಯೂಟರ್ ತಜ್ಞರ ಎಸಿಎಂ ಸಂಸ್ಥೆಯ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿ 2003ರಲ್ಲಿ ಸಂದಿತು.

ಪ್ರಾಜೆಕ್ಟಿನ ಮೇಲಿನ ಫೋಲ್ಡರ್‌ನಲ್ಲಿ ಮೇಕ್‌ಫೈಲ್ ಎಂಬ ಹೆಸರಿನ ಫೈಲನ್ನು ಮಾಡಿ. ಹೆಸರಿನ ಮೊದಲ ಅಕ್ಷರ ದೊಡ್ಡಕ್ಷರವಾಗಿರಲಿ, ಕೊನೆಯಲ್ಲಿ ಯಾವ ಎಕ್ಸ್‌ಟೆನ್ಶನ್ ಕೂಡ ಬೇಡ. ಅದರ ಒಳಗಿನ ನಿಯಮಗಳು ಹೀಗಿರುತ್ತವೆ. ಬಾಣದ ಗುರುತು ಇರುವಲ್ಲಿ ಟ್ಯಾಬ್ ಕೀಯನ್ನು ಒಮ್ಮೆ ಒತ್ತಬೇಕು.

ಮೀನುಲೆಕ್ಕ : ಮುಖ್ಯ.ಓ ಲೆಕ್ಕ.ಓ
→ ಜಿಸಿಸಿ -ಓ ಮೀನುಲೆಕ್ಕ ಮುಖ್ಯ.ಓ ಲೆಕ್ಕ.ಓ

ಮುಖ್ಯ.ಓ : ಮುಖ್ಯ.ಸಿ ಲೆಕ್ಕ.ಎಚ್
→ ಜಿಸಿಸಿ -ಸಿ ಮುಖ್ಯ.ಸಿ

ಲೆಕ್ಕ.ಓ : ಲೆಕ್ಕ.ಸಿ ಲೆಕ್ಕ.ಎಚ್ ದರ.ಎಚ್
→ ಜಿಸಿಸಿ -ಸಿ ಲೆಕ್ಕ.ಸಿ

ದರ.ಎಚ್ : ದರ.ಸಿಎಸ್‌ವಿ ದರ.ಪಿವೈ
→ ಪೈಥಾನ್3 ದರ.ಪಿವೈ ದರ.ಸಿಎಸ್‌ವಿ > ದರ.ಎಚ್

ಕೋಲನ್ ಚಿಹ್ನೆಯ ಎಡಕ್ಕಿರುವುದು ತಯಾರಾಗಬೇಕಾದ ಫೈಲ್. ಅದನ್ನು ಟಾರ್ಗೆಟ್ ಎನ್ನುತ್ತಾರೆ. ಬಲಕ್ಕಿರುವುದು ಅದಕ್ಕೆ ಬೇಕಾದ ಫೈಲ್‌ಗಳು, ಅಂದರೆ ಅದರ ಡಿಪೆಂಡೆನ್ಸಿಗಳು. ಕೆಳಗಿನ ಸಾಲು ತಯಾರಿಸುವ ಕಮಾಂಡ್. ಜಿಸಿಸಿ ಎಂಬುದು ಸಿ ಕಂಪೈಲರ್; ಓ ಎಕ್ಸ್‌ಟೆನ್ಶನ್ನಿನವು ಅದು ಕಂಪೈಲ್ ಮಾಡಿಕೊಟ್ಟ ಬಿಡಿ ಭಾಗಗಳು, ಅವುಗಳನ್ನು ಜೋಡಿಸಿ ಒಂದು ಪ್ರೋಗ್ರಾಂ ಮಾಡುವುದೇ ಲಿಂಕ್. ನೀವು ಮೊದಲ ಹಂತದಲ್ಲಿ ಬರೆದ ಎರಡು ಅಂಕಣಗಳೇ ಇಲ್ಲಿ ಕೋಲನ್ನಿನ ಎಡಬಲಗಳಾಗಿವೆ. ದರ.ಪಿವೈ ಎಂಬ ಸ್ಕ್ರಿಪ್ಟ್ ಕೂಡ ಬಲಗಡೆಯಲ್ಲಿದೆ ಎಂಬುದನ್ನು ಗಮನಿಸಿ. ಸ್ಕ್ರಿಪ್ಟನ್ನು ತಿದ್ದಿದರೂ ದರ.ಎಚ್ ಪುನಃ ತಯಾರಾಗಬೇಕು; ಇದನ್ನು ಬಿಟ್ಟುಬಿಡುವುದು ತೀರಾ ಸಾಮಾನ್ಯ.

ಈಗ ಮೇಕ್ ಹೇಗೆ ಯೋಚಿಸುತ್ತದೆ ಎಂಬುದನ್ನು ಒಂದು ಬದಲಾವಣೆಯ ಮೂಲಕ ನೋಡೋಣ. ಬೆಳಿಗ್ಗೆ 10 ಗಂಟೆಗೆ ಎಲ್ಲವೂ ಬಿಲ್ಡ್ ಆಗಿದೆ. 10.20ಕ್ಕೆ ನೀವು ದರ.ಸಿಎಸ್‌ವಿಯಲ್ಲಿ ಐಸಿನ ದರ ತಿದ್ದಿ ಉಳಿಸಿದ್ದೀರಿ. ಬರೇ ಮೇಕ್ ಎಂದು ಟೈಪ್ ಮಾಡಿದರೆ, ಅದು ಫೈಲಿನ ಮೊದಲ ಟಾರ್ಗೆಟ್ ಆದ ಮೀನುಲೆಕ್ಕದಿಂದ ಆರಂಭಿಸಿ, ಅದಕ್ಕೆ ಬೇಕಾದವುಗಳನ್ನು ಒಂದೊಂದಾಗಿ ಪರಿಶೀಲಿಸುತ್ತದೆ. ಮುಖ್ಯ.ಓ ಫೈಲಿಗಿಂತ ಅದರ ಡಿಪೆಂಡೆನ್ಸಿಗಳೆಲ್ಲ ಹಳೆಯವು, ಆದ್ದರಿಂದ ಅದನ್ನು ಮುಟ್ಟುವುದಿಲ್ಲ. ಲೆಕ್ಕ.ಓ ಫೈಲಿಗೆ ದರ.ಎಚ್ ಬೇಕು, ದರ.ಎಚ್ ಫೈಲಿಗಿಂತ ದರ.ಸಿಎಸ್‌ವಿ ಹೊಸದು, ಆದ್ದರಿಂದ ಪೈಥಾನ್ ಸ್ಕ್ರಿಪ್ಟ್ ಓಡುತ್ತದೆ. ಅದರಿಂದ ದರ.ಎಚ್ ಹೊಸದಾಯಿತು, ಹಾಗಾಗಿ ಲೆಕ್ಕ.ಸಿ ಕಂಪೈಲ್ ಆಗುತ್ತದೆ, ಲೆಕ್ಕ.ಓ ಹೊಸದಾಯಿತು, ಹಾಗಾಗಿ ಮೀನುಲೆಕ್ಕ ಪುನಃ ಲಿಂಕ್ ಆಗುತ್ತದೆ. ಮೇಕ್ ಹೋಲಿಸುವುದು ಫೈಲ್‌ಗಳನ್ನು ಕೊನೆಯ ಬಾರಿ ಉಳಿಸಿದ ಸಮಯಗಳನ್ನು ಮಾತ್ರ. ಫೈಲಿನ ಒಳಗೆ ಏನಿದೆ ಎಂಬುದನ್ನು ಅದು ನೋಡುವುದೇ ಇಲ್ಲ. ಮುಂದೆ ಬರುವ ಹಲವು ತೊಂದರೆಗಳ ಬೇರು ಇರುವುದು ಇಲ್ಲೇ.

ಕಮಾಂಡಿನ ಸಾಲು ಟ್ಯಾಬ್‌ನಿಂದಲೇ ಆರಂಭವಾಗಬೇಕು, ಸ್ಪೇಸ್‌ಗಳಿಂದ ಅಲ್ಲ. ಫೆಲ್ಡ್‌ಮನ್ ಅವರಿಗೂ ಈ ನಿಯಮ ಮೆಚ್ಚುಗೆಯಾಗಿರಲಿಲ್ಲ. ಆದರೆ ಅದನ್ನು ಬದಲಾಯಿಸಬೇಕೆಂದು ಹೊಳೆಯುವಷ್ಟರಲ್ಲಿ ಆಗಲೇ ಹತ್ತು ಹನ್ನೆರಡು ಮಂದಿ ಮೇಕ್ ಬಳಸುತ್ತಿದ್ದರು, ಅವರಿಗೆ ತೊಂದರೆಯಾಗಬಾರದೆಂದು ಹಾಗೆಯೇ ಉಳಿಸಿದರು. ಟ್ಯಾಬ್ ಇಲ್ಲದಿದ್ದರೆ ‘ಮಿಸ್ಸಿಂಗ್ ಸೆಪರೇಟರ್’ ಎಂಬ ಎರರ್ ಬರುತ್ತದೆ. ಚಾಟ್ ಮೆಸೇಜಿನಿಂದಲೋ ಪಿಡಿಎಫ್‌ನಿಂದಲೋ ಕಾಪಿ ಮಾಡಿ ಅಂಟಿಸಿದಾಗ ಟ್ಯಾಬ್‌ಗಳು ಸ್ಪೇಸ್‌ಗಳಾಗಿ ಬದಲಾಗುವುದುಂಟು, ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ‘ಕ್ಯಾಟ್ -ಇ -ಟಿ ಮೇಕ್‌ಫೈಲ್’ ಎಂದು ಕೊಟ್ಟರೆ ಟ್ಯಾಬ್ ಇರುವಲ್ಲೆಲ್ಲ ಟೋಪಿಯ ಚಿಹ್ನೆ ಮತ್ತು ದೊಡ್ಡ ಐ ಅಕ್ಷರ ಕಾಣಿಸುತ್ತದೆ.

ಮೂರನೆಯ ಹಂತ: ಫೈಲ್ ತಯಾರಿಸದ ಕೆಲಸಗಳನ್ನು ಸೇರಿಸಿ

ಪರೀಕ್ಷೆ ಓಡಿಸುವುದು, ತಯಾರಾದ ಫೈಲ್‌ಗಳನ್ನು ಅಳಿಸುವುದು ಮುಂತಾದ ಕೆಲಸಗಳಿಂದ ಹೊಸ ಫೈಲ್ ಹುಟ್ಟುವುದಿಲ್ಲ. ಅವನ್ನೂ ಟಾರ್ಗೆಟ್‌ಗಳಾಗಿ ಬರೆಯಬಹುದು.

.ಫೋನಿ : ಪರೀಕ್ಷೆ ಶುಚಿ ಸಹಾಯ

ಪರೀಕ್ಷೆ : ಮೀನುಲೆಕ್ಕ
→ ಬ್ಯಾಷ್ ಮಾದರಿ.ಎಸ್‌ಎಚ್

ಶುಚಿ :
→ ಆರ್‌ಎಂ -ಎಫ್ ಮೀನುಲೆಕ್ಕ ಮುಖ್ಯ.ಓ ಲೆಕ್ಕ.ಓ ದರ.ಎಚ್

ಚುಕ್ಕಿಯಿಂದ ಆರಂಭವಾಗುವ ಫೋನಿ ಎಂಬ ಸಾಲು, ಇವು ಫೈಲ್‌ಗಳ ಹೆಸರಲ್ಲ ಎಂದು ಮೇಕ್‌ಗೆ ತಿಳಿಸುತ್ತದೆ. ಆ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಬರೆಯಬೇಕು. ಈ ಸಾಲು ಇಲ್ಲದಿದ್ದರೆ, ಮುಂದೊಂದು ದಿನ ಯಾರಾದರೂ ಪರೀಕ್ಷೆ ಎಂಬ ಹೆಸರಿನ ಫೋಲ್ಡರ್ ಮಾಡಿದಾಗ ಮೇಕ್ ಅದನ್ನು ನೋಡಿ, ಟಾರ್ಗೆಟ್ ಈಗಾಗಲೇ ‘ಅಪ್ ಟು ಡೇಟ್’ ಆಗಿದೆ ಎಂದು ಹೇಳಿ ಏನನ್ನೂ ಓಡಿಸದೆ ನಿಲ್ಲುತ್ತದೆ. ಪರೀಕ್ಷೆ ನಡೆದಿಲ್ಲ ಎಂಬುದು ಯಾರ ಗಮನಕ್ಕೂ ಬಾರದೆ ಹೋಗುವ ಅಪಾಯ ಇದರಲ್ಲಿದೆ.

ಮಾದರಿ.ಎಸ್‌ಎಚ್ ಎಂಬ ಪರೀಕ್ಷೆಯಲ್ಲಿ ದೊಡ್ಡದೇನೂ ಇರಬೇಕಿಲ್ಲ. ಬಂಗುಡೆ 12 ಕಿಲೋ, ಕಿಲೋಗೆ 180 ರೂಪಾಯಿ ಎಂದು ಕೊಟ್ಟರೆ 2160 ಬರಬೇಕು ಎಂಬಂಥ, ಕೈಯಲ್ಲಿ ಲೆಕ್ಕ ಹಾಕಿ ನೋಡಬಹುದಾದ ಎರಡು ಮೂರು ಬಿಲ್‌ಗಳು ಸಾಕು. ಅವು ಸರಿಬಂದರೆ ಒಂದು ಸ್ಪಷ್ಟ ವಾಕ್ಯವನ್ನು ತೋರಿಸಿ, ತಪ್ಪಿದರೆ ಸ್ಕ್ರಿಪ್ಟ್ ಸೊನ್ನೆಯಲ್ಲದ ಸಂಖ್ಯೆಯೊಂದಿಗೆ ಮುಗಿಯುವಂತೆ ಬರೆಯಿರಿ. ಕಮಾಂಡ್ ವಿಫಲವಾಯಿತೆಂದು ಮೇಕ್‌ಗೆ ತಿಳಿಯುವುದು ಆ ಸಂಖ್ಯೆಯಿಂದಲೇ.

ನಾಲ್ಕನೆಯ ಹಂತ: ಸದ್ದಿಲ್ಲದೆ ತಪ್ಪಾಗುವ ಜಾಗಗಳನ್ನು ಭದ್ರಪಡಿಸಿ

ಎರರ್ ತೋರಿಸಿ ನಿಲ್ಲುವ ಬಿಲ್ಡ್‌ನಿಂದ ಹೆಚ್ಚು ಹಾನಿಯಿಲ್ಲ. ಎಲ್ಲ ಸರಿಯಾಗಿದೆ ಎಂದು ಹೇಳಿ ಹಳೆಯ ಪ್ರೋಗ್ರಾಂ ಕೊಡುವ ಬಿಲ್ಡ್‌ನಿಂದ ಮಾಲಕರ ಬಿಲ್ ತಪ್ಪುತ್ತದೆ. ಆದ್ದರಿಂದ ಈ ಹಂತಕ್ಕೆ ಹೆಚ್ಚು ಸಮಯ ಕೊಡಿ.

ಮೇಲಿನ ದರ.ಎಚ್ ನಿಯಮವನ್ನೇ ಪುನಃ ನೋಡಿ. ‘>’ ಚಿಹ್ನೆಯನ್ನು ಕಂಡ ಕೂಡಲೇ ಶೆಲ್ (ಕಮಾಂಡ್‌ಗಳನ್ನು ಓದಿ ಓಡಿಸುವ ಪ್ರೋಗ್ರಾಂ) ಮೊದಲು ಖಾಲಿ ದರ.ಎಚ್ ಫೈಲನ್ನು ತೆರೆಯುತ್ತದೆ, ಆಮೇಲೆ ಪೈಥಾನ್ ಓಡುತ್ತದೆ. ದರಪಟ್ಟಿಯಲ್ಲಿ ಒಂದು ಅಲ್ಪವಿರಾಮ ಹೆಚ್ಚಾಗಿ ಸ್ಕ್ರಿಪ್ಟ್ ಅರ್ಧದಲ್ಲಿ ನಿಂತರೆ, ಖಾಲಿಯಾದ ಅಥವಾ ಅರ್ಧ ಬರೆದ ದರ.ಎಚ್ ಹಾಗೆಯೇ ಉಳಿಯುತ್ತದೆ, ಅದರ ಸಮಯವಂತೂ ಈಗಿನದ್ದು. ಮುಂದಿನ ಸಲ ಮೇಕ್ ಕೊಟ್ಟಾಗ ಅದು ದರ.ಎಚ್ ಹೊಸದಾಗಿಯೇ ಇದೆ ಎಂದು ಭಾವಿಸಿ ಮುಂದಕ್ಕೆ ಹೋಗುತ್ತದೆ. ಇದನ್ನು ತಡೆಯಲು ಮೇಕ್‌ಫೈಲಿನಲ್ಲಿ ‘.ಡಿಲೀಟ್_ಆನ್_ಎರರ್ :’ ಎಂಬ ಸಾಲನ್ನು, ಅದನ್ನೂ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಸೇರಿಸಿ. ಆಗ ಕಮಾಂಡ್ ವಿಫಲವಾದರೆ ಅರ್ಧಂಬರ್ಧ ಟಾರ್ಗೆಟನ್ನು ಮೇಕ್ ತಾನೇ ಅಳಿಸುತ್ತದೆ.

ಆದರೆ ಮಳೆಗಾಲದ ನಮ್ಮ ಊರುಗಳಲ್ಲಿ ಇನ್ನೊಂದು ಸಾಧ್ಯತೆಯಿದೆ. ಸ್ಕ್ರಿಪ್ಟ್ ಓಡುತ್ತಿರುವಾಗಲೇ ಕರೆಂಟು ಹೋಗಿ ಕಂಪ್ಯೂಟರ್ ಆಫ್ ಆದರೆ ಅಳಿಸಲು ಮೇಕ್ ಕೂಡ ಉಳಿದಿರುವುದಿಲ್ಲ. ಅದಕ್ಕಾಗಿ ಮೊದಲು ದರ.ತಾತ್ಕಾಲಿಕ ಎಂಬ ಫೈಲಿಗೆ ಬರೆದು, ಸ್ಕ್ರಿಪ್ಟ್ ಯಶಸ್ವಿಯಾಗಿ ಮುಗಿದ ಮೇಲೆ ಎಂವಿ ಕಮಾಂಡ್‌ನಿಂದ ಅದರ ಹೆಸರನ್ನು ದರ.ಎಚ್ ಎಂದು ಬದಲಾಯಿಸಿ. ಅರ್ಧದಲ್ಲಿ ನಿಂತದ್ದು ತಾತ್ಕಾಲಿಕ ಹೆಸರಿನಲ್ಲೇ ಉಳಿಯುತ್ತದೆ, ದರ.ಎಚ್ ಎಂಬ ಹೆಸರು ಪೂರ್ಣವಾದ ಫೈಲಿಗೆ ಮಾತ್ರ ಸಿಗುತ್ತದೆ.

ಗಡಿಯಾರವನ್ನೂ ನಂಬುವಂತಿಲ್ಲ. ರಜೆಯಲ್ಲಿ ವಾರಗಟ್ಟಲೆ ಆಫ್ ಆಗಿದ್ದ ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಬ್ಯಾಟರಿ ಸತ್ತಿದ್ದರೆ, ಆನ್ ಮಾಡಿದಾಗ ಅದು ಎಷ್ಟೋ ವರ್ಷ ಹಿಂದಿನ ತಾರೀಕನ್ನು ತೋರಿಸಬಹುದು. ಆಗ ಹಿಂದೆ ಉಳಿಸಿದ ಫೈಲ್‌ಗಳೆಲ್ಲ ಭವಿಷ್ಯದವು ಎಂದು ಮೇಕ್‌ಗೆ ಕಾಣುತ್ತದೆ, ‘ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್’ ಎಂಬ ಎಚ್ಚರಿಕೆ ಬರುತ್ತದೆ. ಅದನ್ನು ಕಡೆಗಣಿಸದೆ ಮೊದಲು ತಾರೀಕು ಸರಿಪಡಿಸಬೇಕು. ಎಚ್ಚರಿಕೆಯೂ ಬಾರದ ಇನ್ನೊಂದು ಸಂದರ್ಭ ಜಿಪ್ ಫೈಲಿನದು. ಗೆಳೆಯರು ಪೆನ್‌ಡ್ರೈವ್‌ನಲ್ಲಿ ಕೊಟ್ಟ ಜಿಪ್ಪನ್ನು ಬಿಡಿಸಿದಾಗ ಅದರೊಳಗಿನ ಫೈಲ್‌ಗಳು ತಮ್ಮ ಹಳೆಯ ಸಮಯವನ್ನೇ ಉಳಿಸಿಕೊಂಡು ಬರುತ್ತವೆ. ನಿನ್ನೆ ಅವರು ತಿದ್ದಿದ ಲೆಕ್ಕ.ಸಿ, ಇಂದು ಬೆಳಿಗ್ಗೆ ನಿಮ್ಮಲ್ಲಿ ತಯಾರಾದ ಲೆಕ್ಕ.ಓ ಫೈಲಿಗಿಂತ ಹಳೆಯದೇ ತಾನೆ? ಮೇಕ್ ಅದನ್ನು ಕಂಪೈಲ್ ಮಾಡುವುದಿಲ್ಲ. ಹೀಗೆ ಫೈಲ್‌ಗಳನ್ನು ಹೊರಗಿನಿಂದ ತಂದು ಹಾಕಿದಾಗ ಒಮ್ಮೆ ‘ಮೇಕ್ -ಬಿ’ ಎಂದು, ಬಿ ಅಕ್ಷರವನ್ನು ದೊಡ್ಡದಾಗಿ ಕೊಟ್ಟರೆ ಎಲ್ಲವೂ ಹೊಸದಾಗಿ ತಯಾರಾಗುತ್ತದೆ.

ಹೆಡರ್‌ಗಳ ಡಿಪೆಂಡೆನ್ಸಿಯನ್ನು ಕೈಯಲ್ಲಿ ಬರೆಯುತ್ತಾ ಹೋದರೆ ಒಂದಲ್ಲ ಒಂದು ಬಿಟ್ಟುಹೋಗುತ್ತದೆ. ಜಿಸಿಸಿಗೆ ಎಂಎಂಡಿ ಎಂಬ ಆಪ್ಶನ್ ಕೊಟ್ಟರೆ, ಪ್ರತಿ ಸೋರ್ಸ್ ಫೈಲ್ ಯಾವ ಯಾವ ಹೆಡರ್‌ಗಳನ್ನು ಓದಿತು ಎಂಬ ಪಟ್ಟಿಯನ್ನು ಅದು ಡಿ ಎಕ್ಸ್‌ಟೆನ್ಶನ್ನಿನ ಫೈಲಿನಲ್ಲಿ ಬರೆದಿಡುತ್ತದೆ. ಅವುಗಳನ್ನು ಮೇಕ್‌ಫೈಲಿನ ಕೊನೆಯಲ್ಲಿ ‘-ಇನ್‌ಕ್ಲೂಡ್’ ಮೂಲಕ ಸೇರಿಸಿಕೊಳ್ಳಿ. ದರ.ಎಚ್ ಮಾತ್ರ ಕೈಯಲ್ಲಿ ಬರೆದ ಸಾಲಿನಲ್ಲಿಯೂ ಉಳಿಯಲಿ. ಹೊಸ ಕಂಪ್ಯೂಟರಿನಲ್ಲಿ ಮೊದಲ ಬಿಲ್ಡ್ ಮಾಡುವಾಗ ಆ ಪಟ್ಟಿಯೂ ಇರುವುದಿಲ್ಲ, ದರ.ಎಚ್ ಕೂಡ ಇರುವುದಿಲ್ಲ.

ಇನ್ನು ಸಣ್ಣ ಸಂಗತಿಗಳು. ನಿಯಮದ ಪ್ರತಿ ಸಾಲೂ ಬೇರೆ ಬೇರೆ ಶೆಲ್‌ನಲ್ಲಿ ಓಡುವುದರಿಂದ, ಒಂದು ಸಾಲಿನಲ್ಲಿ ಸಿಡಿ ಕೊಟ್ಟು ಫೋಲ್ಡರ್ ಬದಲಾಯಿಸಿದರೆ ಮುಂದಿನ ಸಾಲಿಗೆ ಅದು ಅನ್ವಯಿಸುವುದಿಲ್ಲ; ಎರಡನ್ನೂ ‘&&’ ಹಾಕಿ ಒಂದೇ ಸಾಲಿನಲ್ಲಿ ಬರೆಯಬೇಕು. ಶೆಲ್‌ಗೆ ಸೇರಬೇಕಾದ ಡಾಲರ್ ಚಿಹ್ನೆಯನ್ನು ಮೇಕ್‌ಫೈಲಿನಲ್ಲಿ ಎರಡು ಬಾರಿ ಬರೆಯಬೇಕು. ಫೈಲ್ ಹೆಸರಿನ ನಡುವೆ ಜಾಗ ಬಿಡಬಾರದು. ‘ಮಲ್ಪೆ ಬಿಲ್’ ಎಂದು ಹೆಸರಿಟ್ಟರೆ ಮೇಕ್ ಅದನ್ನು ಎರಡು ಫೈಲ್‌ಗಳೆಂದು ಓದುತ್ತದೆ.

ಐದನೆಯ ಹಂತ: ರೀಡ್‌ಮಿ ಬರೆಯಿರಿ

ಅನೇಕ ಪ್ರಾಜೆಕ್ಟ್‌ಗಳಲ್ಲಿ ಕಾಣುವ ಬಗೆಯ ಒಂದು ರೀಡ್‌ಮಿ ಹೀಗಿರುತ್ತದೆ:

“ಬೇಕಾದ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡಿ ಮೇಕ್ ಕೊಡಿ. ತೊಂದರೆ ಬಂದರೆ ಶುಚಿ ಮಾಡಿ ಪುನಃ ಪ್ರಯತ್ನಿಸಿ.”

ಬರೆದವರಿಗೆ ಇದು ಪೂರ್ಣವಾಗಿಯೇ ಕಾಣುತ್ತದೆ, ಏಕೆಂದರೆ ಉಳಿದದ್ದೆಲ್ಲ ಅವರ ತಲೆಯಲ್ಲಿದೆ. ಓದುವವರಿಗೆ ಮಾತ್ರ ಪ್ರತಿ ಪದವೂ ಒಂದು ಪ್ರಶ್ನೆ. ಬೇಕಾದ ಪ್ಯಾಕೇಜ್‌ಗಳು ಯಾವುವು? ಮೇಕ್ ಎಲ್ಲಿ ಕೊಡಬೇಕು? ಕೊಟ್ಟ ಮೇಲೆ ಏನು ಕಂಡರೆ ಸರಿಯಾಯಿತೆಂದು ಅರ್ಥ? ಅದನ್ನು ಹೀಗೆ ಬದಲಾಯಿಸಬಹುದು:

“ಉಬುಂಟು ಕಂಪ್ಯೂಟರಿನಲ್ಲಿ ಬಿಲ್ಡ್-ಎಸೆನ್ಶಿಯಲ್ ಮತ್ತು ಪೈಥಾನ್3 ಎಂಬ ಎರಡು ಪ್ಯಾಕೇಜ್‌ಗಳು ಇರಬೇಕು. ವಿಂಡೋಸ್‌ನಲ್ಲಿ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಒಳಗಿನ ಉಬುಂಟುವನ್ನೇ ಬಳಸಿ. ಮೇಕ್‌ಫೈಲ್ ಇರುವ ಫೋಲ್ಡರ್‌ಗೆ ಹೋಗಿ ಮೇಕ್ ಎಂದು ಟೈಪ್ ಮಾಡಿ. ಮುಗಿದಾಗ ಅದೇ ಫೋಲ್ಡರ್‌ನಲ್ಲಿ ಮೀನುಲೆಕ್ಕ ಎಂಬ ಫೈಲ್ ಇರುತ್ತದೆ. ಬಳಿಕ ಮೇಕ್ ಪರೀಕ್ಷೆ ಎಂದು ಕೊಡಿ. ಕೊನೆಯ ಸಾಲಿನಲ್ಲಿ ‘ಮೂರೂ ಬಿಲ್‌ಗಳು ಸರಿಯಾಗಿವೆ’ ಎಂದು ಕಾಣಬೇಕು. ಇದಕ್ಕೆ ಇಂಟರ್ನೆಟ್ ಬೇಕಿಲ್ಲ. ದರಗಳನ್ನು ದರ.ಸಿಎಸ್‌ವಿಯಲ್ಲಿ ಮಾತ್ರ ತಿದ್ದಿ, ದರ.ಎಚ್ ಫೈಲನ್ನು ಕೈಯಲ್ಲಿ ತಿದ್ದಿದರೆ ಮುಂದೊಂದು ಬಿಲ್ಡ್‌ನಲ್ಲಿ ಅದು ಅಳಿಸಿಹೋಗುತ್ತದೆ.”

ಎರಡನೆಯದು ಉದ್ದವಾಗಿದೆ, ಆದರೆ ಅದರಲ್ಲಿ ಜಿಸಿಸಿಯ ಒಂದು ಆಪ್ಶನ್ ಕೂಡ ಇಲ್ಲ ಎಂಬುದನ್ನು ನೋಡಿ. ನಾಳೆ ಕಂಪೈಲರಿನ ಆಪ್ಶನ್‌ಗಳು ಬದಲಾದರೂ, ಸೋರ್ಸ್ ಫೈಲ್‌ಗಳು ಎರಡರಿಂದ ಐದಾದರೂ ಈ ರೀಡ್‌ಮಿಯ ಒಂದು ಪದವನ್ನೂ ತಿದ್ದಬೇಕಾಗಿಲ್ಲ. ಅದು ಹೇಳುವುದೆಲ್ಲ ಮೇಕ್‌ಫೈಲ್ ಓದಿದರೆ ತಿಳಿಯದ ಸಂಗತಿಗಳು: ಮೊದಲೇ ಏನಿರಬೇಕು, ಎಲ್ಲಿ ನಿಲ್ಲಬೇಕು, ಏನು ಕಾಣಬೇಕು, ಯಾವುದನ್ನು ಮುಟ್ಟಬಾರದು.

‘ಶುಚಿ ಮಾಡಿ ಪುನಃ ಪ್ರಯತ್ನಿಸಿ’ ಎಂಬ ಸಲಹೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ಎಲ್ಲವನ್ನೂ ಅಳಿಸಿ ಬಿಲ್ಡ್ ಮಾಡಿದಾಗ ಮಾತ್ರ ಸರಿಹೋಗುವ ತೊಂದರೆಯೆಂದರೆ, ಹೆಚ್ಚಾಗಿ ಮೇಕ್‌ಫೈಲಿನಲ್ಲಿ ಒಂದು ಡಿಪೆಂಡೆನ್ಸಿ ಬಿಟ್ಟುಹೋಗಿದೆ ಎಂದೇ ಅರ್ಥ. ಆ ಸಲಹೆಯನ್ನು ರೀಡ್‌ಮಿಯಲ್ಲಿ ಬರೆದ ದಿನದಿಂದ ಅದು ಎಲ್ಲರ ಅಭ್ಯಾಸವಾಗಿಬಿಡುತ್ತದೆ, ನಿಜವಾದ ತಪ್ಪು ಒಳಗೇ ಉಳಿಯುತ್ತದೆ. ಯಾವ ಫೈಲನ್ನು ತಿದ್ದಿದಾಗ ಯಾವುದು ಪುನಃ ತಯಾರಾಗಲಿಲ್ಲ ಎಂದು ಹುಡುಕಿ ನಿಯಮವನ್ನು ಸರಿಪಡಿಸಿ, ಆ ವಾಕ್ಯವನ್ನು ಅಳಿಸುವುದೇ ಸರಿ. ಡಾಕ್ಯುಮೆಂಟೇಶನ್‌ನಲ್ಲಿ ವಿವರಿಸಲು ಕಷ್ಟವಾಗುವ ಹಂತ ಇದ್ದರೆ, ಹೆಚ್ಚಿನ ಸಲ ತಿದ್ದಬೇಕಾಗಿರುವುದು ಆ ಹಂತವನ್ನೇ.

ಎರರ್ ಮೆಸೇಜ್‌ಗಳಿಗಾಗಿ ರೀಡ್‌ಮಿಯ ಕೊನೆಯಲ್ಲಿ ಒಂದು ಭಾಗವಿರಲಿ. ವಿವರಣೆಯನ್ನು ಕನ್ನಡದಲ್ಲಿ ಬರೆಯಿರಿ, ಆದರೆ ಮೆಸೇಜನ್ನು ಪರದೆಯ ಮೇಲೆ ಕಾಣುವ ಇಂಗ್ಲಿಷ್ ಅಕ್ಷರಗಳಲ್ಲೇ, ಒಂದಕ್ಷರವೂ ಬದಲಾಗದಂತೆ ಕೊಡಿ. ಗಾಬರಿಯಲ್ಲಿರುವವರು ಆ ಸಾಲನ್ನೇ ಕಾಪಿ ಮಾಡಿ ಹುಡುಕುತ್ತಾರೆ. ನಿಮ್ಮ ತಂಡದಲ್ಲಿ ನಿಜವಾಗಿ ಎದುರಾದ ಎರರ್‌ಗಳನ್ನು ಮಾತ್ರ ಸೇರಿಸಿ. ಮ್ಯಾಕ್ ಬಳಸುವವರಿದ್ದರೆ ಅವರಿಗಾಗಿ ಒಂದು ಸಾಲು ಬೇಕಾಗುತ್ತದೆ. ಆ್ಯಪಲ್‌ನ ಡೆವಲಪರ್ ಟೂಲ್‌ಗಳೊಂದಿಗೆ ಬರುವ ಮೇಕ್ 2006ರ 3.81 ಆವೃತ್ತಿ. ನಿಯಮದ ಎಲ್ಲ ಸಾಲುಗಳನ್ನು ಒಂದೇ ಶೆಲ್‌ನಲ್ಲಿ ಓಡಿಸುವ ಸೌಲಭ್ಯದಂಥವು 2010ರ 3.82ರಲ್ಲಿ ಬಂದವು, ಅವನ್ನು ಬಳಸಿದ್ದರೆ ಮ್ಯಾಕ್‌ನಲ್ಲಿ ಕೆಲಸ ಮಾಡುವುದಿಲ್ಲ.

ಟಾರ್ಗೆಟ್‌ಗಳ ಪಟ್ಟಿಯನ್ನೂ ರೀಡ್‌ಮಿಯಲ್ಲಿ ಬರೆಯಬೇಡಿ. ಮೇಕ್‌ಫೈಲಿನಲ್ಲೇ ಟಾರ್ಗೆಟ್ ಸಾಲಿನ ಕೊನೆಗೆ ಎರಡು ಹ್ಯಾಷ್ ಚಿಹ್ನೆ ಹಾಕಿ ಒಂದು ವಾಕ್ಯದ ವಿವರಣೆ ಬರೆಯಿರಿ. ‘ಸಹಾಯ’ ಎಂಬ ಟಾರ್ಗೆಟ್ ಗ್ರೆಪ್ ಎಂಬ ಹುಡುಕುವ ಕಮಾಂಡ್ ಮೂಲಕ ಆ ಸಾಲುಗಳನ್ನು ಹೆಕ್ಕಿ ತೋರಿಸಲಿ. ಹೊಸ ಟಾರ್ಗೆಟ್ ಸೇರಿಸುವವರ ಕಣ್ಣೆದುರಲ್ಲೇ ವಿವರಣೆಯ ಜಾಗ ಇರುವುದರಿಂದ ಅದು ಬಿಟ್ಟುಹೋಗುವ ಸಂಭವ ಕಡಿಮೆ. ಆ ವಿವರಣೆಯೂ ಕಮಾಂಡನ್ನು ಪುನಃ ಹೇಳುವಂತಿರಬಾರದು. “ಪೈಥಾನ್ ಸ್ಕ್ರಿಪ್ಟ್ ಓಡಿಸುತ್ತದೆ” ಎನ್ನುವುದಕ್ಕಿಂತ “ಖರ್ಚಿನ ದರ ಬದಲಾದಾಗ ಹೆಡರನ್ನು ಪುನಃ ತಯಾರಿಸುತ್ತದೆ” ಎನ್ನುವುದು ಉಪಯುಕ್ತ.

ಆರನೆಯ ಹಂತ: ಹೊಸಬರ ಕೈಗೆ ಕೊಟ್ಟು ನೋಡಿ

ಮೊದಲು ನೀವೇ ಪ್ರಾಜೆಕ್ಟನ್ನು ಬೇರೊಂದು ಫೋಲ್ಡರ್‌ಗೆ ಗಿಟ್‌ನಿಂದ ಹೊಸದಾಗಿ ಕ್ಲೋನ್ ಮಾಡಿ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿರುವ ಪ್ರತಿಯನ್ನು ಇಳಿಸಿಕೊಂಡು) ಅಲ್ಲಿ ಬಿಲ್ಡ್ ಮಾಡಿ. ನಿಮ್ಮ ಕಂಪ್ಯೂಟರಿನಲ್ಲಿದ್ದು ಗಿಟ್‌ಗೆ ಸೇರಿಸಲು ಮರೆತ ಫೈಲ್‌ಗಳು ಆಗ ತಿಳಿಯುತ್ತವೆ. ‘ಮೇಕ್ -ಎನ್’ ಎಂದು ಕೊಟ್ಟರೆ ಯಾವ ಕಮಾಂಡನ್ನೂ ಓಡಿಸದೆ, ಓಡಿಸಲಿರುವುದನ್ನು ಮಾತ್ರ ತೋರಿಸುತ್ತದೆ; ನಿಯಮಗಳನ್ನು ತಿದ್ದಿದಾಗ ಇದನ್ನು ನೋಡುವ ಅಭ್ಯಾಸ ಒಳ್ಳೆಯದು. ಬಳಿಕ ‘ಮೇಕ್ -ಜೆ4’ ಎಂದು ಕೊಟ್ಟು ನಾಲ್ಕು ಕೆಲಸಗಳನ್ನು ಏಕಕಾಲಕ್ಕೆ ನಡೆಸಿ. ಸಾಲುಗಳು ಬರೆದ ಕ್ರಮದಲ್ಲಿ ಓಡುತ್ತಿದ್ದ ಕಾರಣಕ್ಕಷ್ಟೇ ಸರಿಹೋಗುತ್ತಿದ್ದ ಬಿಲ್ಡ್ ಇಲ್ಲಿ ಎಡವಬಹುದು. 2022ರ 4.4 ಆವೃತ್ತಿ ಇದ್ದರೆ ಷಫಲ್ ಎಂಬ ಆಪ್ಶನ್ ಕ್ರಮವನ್ನು ಬೇಕೆಂದೇ ಅದಲುಬದಲು ಮಾಡಿ ಇದೇ ತಪ್ಪನ್ನು ಹೊರಗೆಳೆಯುತ್ತದೆ.

ಆಮೇಲೆ ಪ್ರಾಜೆಕ್ಟನ್ನು ನೋಡಿರದ ಒಬ್ಬರಿಗೆ, ಸುರತ್ಕಲ್ಲಿನಿಂದಲೋ ಮಣಿಪಾಲದಿಂದಲೋ ಇಂಟರ್ನ್‌ಶಿಪ್‌ಗೆ ಬಂದ ವಿದ್ಯಾರ್ಥಿಗಾದರೂ ಸರಿ, ರೀಡ್‌ಮಿ ಮಾತ್ರ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಅವರು ತಿರುಗಿ ನಿಮ್ಮನ್ನು ಕೇಳುವ ಪ್ರತಿ ಪ್ರಶ್ನೆಯನ್ನೂ ಬರೆದುಕೊಳ್ಳಿ. ಉತ್ತರವನ್ನು ಬಾಯಲ್ಲಿ ಹೇಳಬೇಡಿ, ರೀಡ್‌ಮಿಯಲ್ಲಿ ಬರೆದು ಪುನಃ ಓದಲು ಕೊಡಿ. ಅವರು ಕೇಳದೆ ನಿಂತುಬಿಡುವ ಜಾಗಗಳನ್ನೂ ಗಮನಿಸಬೇಕು. ಸಂಕೋಚದಿಂದ ಕೇಳದಿರುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಅವರಿಗೆ ತಿಳಿಯದ್ದು ನಿಮಗೆ ಕಾಣುವುದು ಅವರ ಕೈ ಕೀಬೋರ್ಡಿನ ಮೇಲೆ ತಡೆದು ನಿಂತಾಗ ಮಾತ್ರ.

ಎಲ್ಲ ಪ್ರಾಜೆಕ್ಟಿಗೂ ಮೇಕ್ ಬೇಕೆಂದೇನೂ ಇಲ್ಲ. ರಸ್ಟ್ ಭಾಷೆಗೆ ಕಾರ್ಗೋ, ಆಂಡ್ರಾಯ್ಡ್‌ಗೆ ಗ್ರೇಡಲ್ ಇವೆ, ಏನನ್ನು ಪುನಃ ತಯಾರಿಸಬೇಕೆಂಬ ಲೆಕ್ಕವನ್ನು ಆ ಟೂಲ್‌ಗಳೇ ನೋಡಿಕೊಳ್ಳುತ್ತವೆ. ಅಲ್ಲಿ ಮೇಕ್ ಬಳಸುವುದಾದರೆ ‘ಪರೀಕ್ಷೆ’, ‘ಶುಚಿ’ಯಂಥ ಹೆಸರುಗಳನ್ನು ಎಲ್ಲ ಪ್ರಾಜೆಕ್ಟ್‌ಗಳಲ್ಲೂ ಒಂದೇ ರೀತಿ ಇಡುವ ಸಲುವಾಗಿ ಮಾತ್ರ ಬಳಸಿ.

ಏಳನೆಯ ಹಂತ: ಎರಡನ್ನೂ ಒಟ್ಟಿಗೆ ಬದಲಾಯಿಸಿ

ಮೇಕ್‌ಫೈಲಿನ ಟಾರ್ಗೆಟ್ ಹೆಸರೋ ಬೇಕಾದ ಪ್ಯಾಕೇಜೋ ಬದಲಾದರೆ, ರೀಡ್‌ಮಿಯ ತಿದ್ದುಪಡಿ ಅದೇ ಕಮಿಟ್‌ನಲ್ಲಿ (ಗಿಟ್‌ನ ಒಂದೇ ದಾಖಲೆಯಲ್ಲಿ) ಇರಬೇಕು. ಆಮೇಲೆ ಬರೆಯುತ್ತೇನೆಂದರೆ ರಿವ್ಯೂ ಮಾಡುವವರು ಒಪ್ಪಬಾರದು. ಕೋಡ್ ಪುಶ್ ಆದಾಗಲೆಲ್ಲ ತಾನಾಗಿ ಬಿಲ್ಡ್ ಮಾಡುವ ಸಿಐ ವ್ಯವಸ್ಥೆ ನಿಮ್ಮಲ್ಲಿದ್ದರೆ, ಅದರ ಕಾನ್ಫಿಗರೇಶನ್ ಫೈಲಿನಲ್ಲಿ ಜಿಸಿಸಿಯ ಸಾಲುಗಳನ್ನು ಬರೆಯದೆ, ರೀಡ್‌ಮಿಯಲ್ಲಿರುವ ಪ್ಯಾಕೇಜ್‌ಗಳನ್ನೇ ಇನ್‌ಸ್ಟಾಲ್ ಮಾಡಿಸಿ, ಮೇಕ್ ಮತ್ತು ಮೇಕ್ ಪರೀಕ್ಷೆ ಎಂಬ ಎರಡು ಕಮಾಂಡ್‌ಗಳನ್ನಷ್ಟೇ ಕೊಡಿ. ಖಾಲಿ ಕಂಪ್ಯೂಟರಿನಲ್ಲಿ ನಿಮ್ಮ ರೀಡ್‌ಮಿ ಇನ್ನೂ ನಿಜವಾಗಿದೆಯೇ ಎಂಬುದು ಹೀಗೆ ಪ್ರತಿ ಪುಶ್‌ನಲ್ಲೂ ಪರೀಕ್ಷೆಯಾಗುತ್ತದೆ, ಹೊಸ ಪ್ಯಾಕೇಜೊಂದನ್ನು ಬರೆಯಲು ಮರೆತಿದ್ದರೆ ಬಿಲ್ಡ್ ಅಂದೇ ನಿಲ್ಲುತ್ತದೆ.